ಸಿದ್ಧಾರೂಢರ ಫೋಟೊದ ಹಿಂದೆ ಸಿಕ್ಕ ಸಾಧನಕೇರಿ

ಹಳೆಯ ಫ್ರೇಮ್ ರಿಪೇರಿಗೆ ಬಂದರೆ ಹಿಂದಿನ ಬೋರ್ಡನ್ನು ಕಿತ್ತು ಹೊಸ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಹಾಕಬೇಕು ಎಂಬುದು ನಮ್ಮ ಮಾಲೀಕರ ಕಟ್ಟಪ್ಪಣೆ. ಹೊಸದಕ್ಕೆ ಬಿಲ್ ಹಾಕಬಹುದು, ಹಳೆಯದಕ್ಕೆ ಆಗುವುದಿಲ್ಲ. ಹುಬ್ಬಳ್ಳಿಯಲ್ಲಿ ನಮ್ಮ ಫ್ರೇಮ್ ಅಂಗಡಿಯ ವ್ಯಾಪಾರ ನಡೆಯುವುದೇ ಚೌಕಟ್ಟಿನ ಪಟ್ಟಿಯ ಫೂಟಿನ ಲೆಕ್ಕದ ಮೇಲೆ. ಗಿರಾಕಿ ಒಳಗೆ ಬಂದ ಕೂಡಲೇ ಬಂಗಾರದ ಬಣ್ಣದ ಸ್ಯಾಂಪಲ್ ಪಟ್ಟಿಗಳನ್ನು ಮುಂದಿಡುತ್ತೇವೆ. ಅವರ ಕೈಯಲ್ಲಿರುವ ಚಿತ್ರ ಯಾವುದೆಂದು ಆಮೇಲೆ ನೋಡುತ್ತೇವೆ.

ಚಿತ್ರವನ್ನು ಹಗುರವಾಗಿ ಕಾಣಲು ಕಾರಣವೂ ಇದೆ. ‘ಅಸಲಿ ರವಿವರ್ಮ’ ಎಂದು ಯಾರಾದರೂ ಆಗಾಗ ಬರುತ್ತಾರೆ. ಭೂತಗಾಜು ಹಿಡಿದರೆ ಚುಕ್ಕಿ ಚುಕ್ಕಿ ಕಾಣುತ್ತದೆ; 1894ರಲ್ಲಿ ಮುಂಬಯಿಯಲ್ಲಿ ಶುರುವಾದ ಅವರ ಮುದ್ರಣಾಲಯದ ಪ್ರತಿಯೋ, ಅದರ ನಕಲೋ ಆಗಿರುತ್ತದೆ. ಆದರೆ ನಮ್ಮ ಭಾಗದ ಹಳೆಯ ಮನೆಗಳಲ್ಲಿ ನಿಜವಾಗಿ ಕೈಯಿಂದ ಬರೆದ ಚಿತ್ರಗಳಿಗೆ ಬರವಿಲ್ಲ. ಧಾರವಾಡದಲ್ಲಿ ಹಾಲಭಾವಿಯವರು, ಗದಗಿನಲ್ಲಿ ಟಿ. ಪಿ. ಅಕ್ಕಿಯವರು ಕಲಾಶಾಲೆ ಕಟ್ಟಿ ಹುಡುಗರನ್ನು ತಯಾರು ಮಾಡಿದ ಸೀಮೆ ಇದು. ಆ ಹುಡುಗರು ಬರೆದದ್ದನ್ನು ಕೊಂಡವರು ಶ್ರೀಮಂತರೇ ಆಗಿರಬೇಕಿರಲಿಲ್ಲ.

ಮಾಳಮಡ್ಡಿಯ ಬಾಯಿಯವರು ಅಂಥವರಲ್ಲಿ ಒಬ್ಬರು, ನಿವೃತ್ತ ಶಿಕ್ಷಕಿ. ಧಾರವಾಡದ ಸಾಧನಕೇರಿ ಕೆರೆಯ ಮಳೆಗಾಲದ ಜಲವರ್ಣ ತಂದಿದ್ದರು. ಮುಂದೆ ಎಲ್ಲಿಯೂ ಕಲಾವಿದನ ಸಹಿ ಇರಲಿಲ್ಲ. ಚಿತ್ರಕ್ಕೂ ಗಾಜಿಗೂ ನಡುವೆ ಅಂತರ ಕೊಡುವ ರಟ್ಟಿನ ಅಂಚು, ಅಂದರೆ ಮೌಂಟ್, ಇಲ್ಲದೆ ಕಾಗದ ಗಾಜಿಗೆ ತಾಗಿ ಕೂತಿತ್ತು, ಅಂಚಿನಲ್ಲಿ ಕಂದು ಕಲೆ ಬಿದ್ದಿತ್ತು. ಹಿಂದಿನ ಕಂದು ಕಾಗದ ಮತ್ತು ಬೋರ್ಡನ್ನು ಒಟ್ಟಿಗೆ ಕಿತ್ತು ಮೂಲೆಗೆ ಎಸೆದೆ. ಆ ಬೋರ್ಡು ತೆಗೆಯಬೇಕಾದದ್ದೇ ಎಂದು ಈಗಲೂ ಹೇಳುತ್ತೇನೆ. ಅಗ್ಗದ ರಟ್ಟಿನಲ್ಲಿರುವ ಆಮ್ಲ ವರ್ಷಗಟ್ಟಲೆ ಕಾಗದವನ್ನು ಸುಡುತ್ತದೆ. ಆಮ್ಲರಹಿತ ಬೋರ್ಡು ತರಿಸಿ ಎಂದು ಮಾಲೀಕರಿಗೆ ಹೇಳಿ ಸಾಕಾಗಿದೆ. ‘ಯಾರಿಗೆ ಕಾಣುತ್ತದೆ ಅದು?’ ಎನ್ನುತ್ತಾರೆ.

ಮಧ್ಯಾಹ್ನ ಬಾಯಿಯವರ ಫೋನು ಬಂತು. “ತಮ್ಮಾ, ಹಿಂದೆ ಬರೆದದ್ದು ಹಾಗೇ ಇದೆಯಲ್ಲ?”

“ಇದೆ ಬಾಯಿಯವರೇ” ಎಂದೆ. ನೋಡಿರಲೇ ಇಲ್ಲ.

ಮೂಲೆಯಲ್ಲಿ ಬೋರ್ಡು ಇರಲಿಲ್ಲ. ಮಾಲೀಕರ ಇನ್ನೊಂದು ಉಳಿತಾಯದ ಉಪಾಯವೆಂದರೆ ಹಳೆಯ ಬೋರ್ಡನ್ನು ಕತ್ತರಿಸಿ, ಸಡಿಲವಾದ ಫ್ರೇಮುಗಳಿಗೆ ಪ್ಯಾಕಿಂಗ್ ಕೊಡುವುದು. ಹುಡುಗ ಅಪ್ಪಣೆಯಂತೆ ಕತ್ತರಿಸಿದ್ದ. ಗುಜರಿ ಚೀಲ ಸುರಿದಾಗ ಅರ್ಧ ತುಂಡು ಸಿಕ್ಕಿತು. ಕಂದು ಕಾಗದ ಸುಲಿದರೆ ನೀಲಿ ಶಾಯಿಯಲ್ಲಿ: ‘ಸಾಧನಕೇರಿ, ಆಷಾಢ, 1974. ಬಾಕಿ 40 ರೂಪಾಯಿ ದೀಪಾವಳಿಗೆ.’ ಬರೆದವನ ಹೆಸರು ಇನ್ನರ್ಧದಲ್ಲಿತ್ತು.

ಇನ್ನರ್ಧ ಎಲ್ಲಿ ಎಂದು ಕೇಳಿದಾಗ ಹುಡುಗ ಕಣ್ಣಿನಲ್ಲೇ ಬಾಗಿಲ ಕಡೆ ತೋರಿಸಿದ. ಗದಗಿನ ಗಿರಾಕಿಯೊಬ್ಬರು ಸಿದ್ಧಾರೂಢರ ದೊಡ್ಡ ಫೋಟೊವನ್ನು ತೊಡೆಯ ಮೇಲಿಟ್ಟುಕೊಂಡು ಚಿಲ್ಲರೆಗಾಗಿ ಕಾಯುತ್ತ ಕೂತಿದ್ದರು. ಮಾಲೀಕರು ಗಲ್ಲೆಯಲ್ಲಿ ಐವತ್ತರ ನೋಟು ಹುಡುಕುತ್ತಿದ್ದರು. ಜೀವನದಲ್ಲಿ ಮೊದಲ ಬಾರಿಗೆ ಅವರ ನಿಧಾನ ನನಗೆ ಇಷ್ಟವಾಯಿತು.

“ಗಾಜಿನ ಒಳಗೆ ಧೂಳು ಕಾಣುತ್ತಿದೆ, ಒಂದು ನಿಮಿಷ ಕೊಡಿ” ಎಂದೆ.

“ಬಸ್ಸಿಗೆ ಹೊತ್ತಾಯಿತಲ್ಲ” ಎಂದವರು ತಾವೇ ಮತ್ತೆ, “ಅಜ್ಜನ ಮುಖದ ಮೇಲೆ ಧೂಳು ಬೇಡ, ಸಾವಕಾಶ ಮಾಡಿ” ಎಂದರು.

ಗನ್ನಿನಿಂದ ಹೊಡೆದ ಪಿನ್ನುಗಳು ಹೊಡೆಯುವಾಗಿನಷ್ಟು ಸುಲಭವಾಗಿ ಬರುವುದಿಲ್ಲ. ಇಕ್ಕಳ ಜಾರಿದರೆ ಗಾಜು ಹೋಗುತ್ತದೆ. ಆ ಅಳತೆಯ ಗಾಜು ಅಂದು ಅಂಗಡಿಯಲ್ಲಿ ಇರಲಿಲ್ಲ. ಮಾಲೀಕರು ಹಿಂದೆ ಬಂದು ನಿಂತು, “ಮುಗಿದ ಕೆಲಸವನ್ನು ಯಾಕೆ ಬಿಚ್ಚಿದೆ?” ಎಂದು ಕೇಳತೊಡಗಿದರು. ಉತ್ತರ ಕೊಡಲು ಬಾಯಿ ಖಾಲಿ ಇರಲಿಲ್ಲ, ತುಟಿಗಳ ನಡುವೆ ಕಿತ್ತ ಪಿನ್ನುಗಳಿದ್ದವು. ಕೊನೆಯ ಪಿನ್ನು ಬಂದಾಗ ತುಂಡು ಹೊರಗೆ ಜಾರಿತು. ಹೆಸರು ಪೂರ್ತಿ ಇತ್ತು. ಅಜ್ಜನನ್ನು ಮತ್ತೆ ಮುಚ್ಚಿ ಕೊಟ್ಟೆ. ಗಿರಾಕಿ ನನಗೆ ಚಹಾಕ್ಕೆಂದು ಇಪ್ಪತ್ತು ರೂಪಾಯಿ ಕೊಟ್ಟು ಹೋದರು.

ಸಹಿ ಇಲ್ಲದ ಚಿತ್ರಕ್ಕೆ ಹಿಂದಿನ ಬರಹವೇ ಸಾಕ್ಷಿ. ಅದು ಹೋದರೆ ಬಾಯಿಯವರ ಮೊಮ್ಮಕ್ಕಳಿಗೆ ಉಳಿಯುವುದು ಯಾವುದೋ ಕೆರೆಯ ಚಿತ್ರ. ಆದ್ದರಿಂದ ಈಗ ಬಿಚ್ಚುವ ಮೊದಲು ಹಿಂಭಾಗದ ಫೋಟೊ ತೆಗೆಯುತ್ತೇನೆ, ನನ್ನ ಮೊಬೈಲಿನಲ್ಲೇ. ಅಂಗಡಿಯ ಮೊಬೈಲು ಮಾಲೀಕರ ಶುಭೋದಯ ಸಂದೇಶಗಳಿಂದ ಭರ್ತಿಯಾಗಿದೆ. ಬರಹವಿರುವ ಬೋರ್ಡನ್ನು ಚಿತ್ರಕ್ಕೆ ತಾಗದಂತೆ ಪಾರದರ್ಶಕ ಪಾಲಿಯೆಸ್ಟರ್ ಹಾಳೆಯೊಳಗಿಟ್ಟು ಫ್ರೇಮಿನ ಹೊರಬೆನ್ನಿಗೆ ಕಟ್ಟುತ್ತೇನೆ. ಬಾಯಿಯವರ ಎರಡು ತುಂಡುಗಳನ್ನೂ ಹಾಗೆಯೇ ಜೋಡಿಸಿದೆ.

ತೂಗುಹಾಕಲು ಮನೆಗೆ ಹೋದಾಗ ಅವರು ಮೊದಲು ನೋಡಿದ್ದು ಬೆನ್ನನ್ನೇ. ನಡುವಿನ ಕತ್ತರಿಯ ಗೆರೆಯ ಮೇಲೆ ಬೆರಳಾಡಿಸಿ, “ಮೊದಲು ಒಂದೇ ಇತ್ತು” ಎಂದರು. ನಡೆದದ್ದನ್ನು ಹೇಳಿದೆ. ನಗಲಿಲ್ಲ, ಬೈಯಲೂ ಇಲ್ಲ. ಹಿರಿಯರ ಫೋಟೊಗಳ ಸಾಲಿನಲ್ಲಿ, ಪಡುವಣ ಗೋಡೆಯ ಮೇಲೆ, ಸೂರಿನ ಹತ್ತಿರ ಮೊಳೆ ಹೊಡೆಯಲು ಹೇಳಿದರು. ಬೇಡವೆಂದೆ. ಧಾರವಾಡದ ಮಳೆ ಆ ಗೋಡೆಗೇ ಹೊಡೆಯುತ್ತದೆ, ತೇವ ಬೂಷ್ಟು ತರುತ್ತದೆ. ಒಳಗೋಡೆಯ ಮೇಲೆ, ಚಿತ್ರದ ನಡು ನೆಲದಿಂದ ಸುಮಾರು 150 ಸೆಂಟಿಮೀಟರ್ ಎತ್ತರಕ್ಕೆ ಬರುವಂತೆ, ಬಿಸಿಲು ನೇರ ಬೀಳದ ಕಡೆ ಹಾಕಿದೆ. ಹಿಂದೆ ಗಾಳಿಯಾಡಲು ಕೆಳಮೂಲೆಗಳಿಗೆ ಕಾರ್ಕ್ ಬಿಲ್ಲೆ ಅಂಟಿಸಿದೆ.

ಮುಂದಿನ ವಾರ ಅವರು ಉಳಿದ ಚಿತ್ರಗಳನ್ನೆಲ್ಲ ಆಟೊದಲ್ಲಿ ತಂದರು. ಮಾಲೀಕರು ಟೇಪು ಹಿಡಿದು ಫೂಟು ಎಣಿಸಲು ಎದ್ದೇಬಿಟ್ಟರು. “ಪಟ್ಟಿ ಹಳೆಯದೇ ಇರಲಿ. ಒಳಗೆ ಮೌಂಟ್ ಹಾಕಿ, ಬೆನ್ನು ಬದಲಿಸಿದರೆ ಸಾಕು” ಎಂದರು ಬಾಯಿಯವರು. ನಮ್ಮ ಬಿಲ್ಲಿಂಗ್ ತಂತ್ರಾಂಶದಲ್ಲಿ ಬೆನ್ನಿಗೆ ಖಾನೆಯೇ ಇಲ್ಲ. ‘ಇತರೆ’ ಎಂದು ನಮೂದಿಸಿದ್ದೇನೆ. ಮಾಲೀಕರು ಆ ‘ಇತರೆ’ಯ ಲೆಕ್ಕ ಇನ್ನೂ ಕೇಳುತ್ತಿದ್ದಾರೆ.