ಸಿಲಿಂಡರ್ ಬಚ್ಚಿಟ್ಟ ಅಡುಗೆಮನೆ

ಶನಿವಾರ ಬೆಳಿಗ್ಗೆ ಆರೂ ಮುಕ್ಕಾಲಿಗೆ ಫೋನ್ ಬಂತು. ಹಿಂದಿನ ಸಂಜೆಯಷ್ಟೇ ಹ್ಯಾಂಡೋವರ್ ಮಾಡಿ ಬಂದಿದ್ದ ಮನೆ. "ಏನಪ್ಪಾ, ಅಡುಗೆಮನೇಲಿ ಗ್ಯಾಸ್ ವಾಸನೆ ಬರ್ತಿದೆ" ಅಂದರು ಆ ಮನೆಯ ಅಮ್ಮ. ನಾನಿನ್ನೂ ಹಾಸಿಗೆಯಲ್ಲೇ ಇದ್ದೆ. "ಅದು ಲ್ಯಾಮಿನೇಟ್ ಗಮ್ಮಿನ ವಾಸನೆ ಅಮ್ಮಾ. ಪೇಂಟ್ ಬೇರೆ ಹೊಸದು. ಎರಡು ದಿನದಲ್ಲಿ ಹೋಗುತ್ತೆ" ಅಂದುಬಿಟ್ಟೆ.

ಮೂರು ವರ್ಷ ಆಯಿತು. ಆ ಮಾತು ಈಗಲೂ ಚುಚ್ಚುತ್ತದೆ.

ನಾನು ಮೈಸೂರಿನ ಒಂದು ಸಣ್ಣ ಇಂಟೀರಿಯರ್ ಕಂಪನಿಯಲ್ಲಿ ಸೈಟ್ ಸೂಪರ್‌ವೈಸರ್. ದೊಡ್ಡ ಮಾಡ್ಯುಲರ್ ಕೆಲಸಗಳ ನಡುವೆ ನಮಗೆ 'ರಿಫ್ರೆಶ್ ಜಾಬ್' ಅಂತ ಸಣ್ಣ ಬಜೆಟ್ಟಿನವು ಬರುತ್ತವೆ. ನನಗೆ ಇಷ್ಟ ಆಗುವುದೂ ಇವೇ. ಈ ಮನೆ ಕುವೆಂಪುನಗರದಲ್ಲಿತ್ತು. ನಿವೃತ್ತ ದಂಪತಿ, ಹಳೇ ಮನೆ, ಎಂಟು ಬೈ ಹತ್ತರ ಅಡುಗೆಮನೆ, ಕೈಯಲ್ಲಿ 60,000 ರೂಪಾಯಿ.

ಅಷ್ಟು ದುಡ್ಡಿನಲ್ಲಿ ಅಡುಗೆ ಕಟ್ಟೆಯ ಸ್ಲ್ಯಾಬ್ ಒಡೆಯುವ ಹಾಗೇ ಇಲ್ಲ. ಸ್ಲ್ಯಾಬ್ ಎದ್ದರೆ ಅದರ ಹಿಂದಿನ ಟೈಲ್ಸ್ ಏಳುತ್ತದೆ, ಸಿಂಕ್ ಏಳುತ್ತದೆ, ಪ್ಲಂಬರ್ ಬರಬೇಕು, ಡೆಬ್ರಿಸ್ ಸಾಗಿಸಲು ಟೆಂಪೋ ಬೇಕು. ಅರ್ಧ ಬಜೆಟ್ ಅಲ್ಲೇ ಮುಗಿಯಿತು. ಅವರ ಮನೆಯಲ್ಲಿ ಕಡಪ ಕಲ್ಲಿನ ಸ್ಲ್ಯಾಬ್, ಕೆಳಗೆ ಕಡಪದ್ದೇ ಪಾರ್ಟಿಷನ್. ಗಟ್ಟಿಮುಟ್ಟಾಗಿತ್ತು. ಅದಕ್ಕೇ ಫ್ರೇಮ್ ಹೊಡೆದು ಶಟರ್, ಅಂದರೆ ಖಾನೆಗಳಿಗೆ ಬಾಗಿಲು, ಕೂರಿಸುವುದು ಅಂತ ತೀರ್ಮಾನಿಸಿದೆವು. ಸಿಂಕ್ ಹತ್ತಿರ ಮಾತ್ರ ನೀರು ತಡೆಯುವ ಐಎಸ್ 710 ಪ್ಲೈ, ಉಳಿದ ಕಡೆ ಸಾಧಾರಣ ದರ್ಜೆಯ 303. ಪ್ಲೈ ಮೇಲೆ ಅಂಟಿಸುವ ತೆಳು ಹಾಳೆ ಇದೆಯಲ್ಲ, ಲ್ಯಾಮಿನೇಟ್, ಅದರಲ್ಲಿ ಅಗ್ಗದ ಲೈನರ್ ಒಳಗಡೆಗೆ. ಒಳಗೆ ಏನೂ ಅಂಟಿಸದೆ ದುಡ್ಡು ಉಳಿಸೋಣ ಅನ್ನುವವರಿದ್ದಾರೆ. ಹಾಗೆ ಮಾಡಿದರೆ ಒಂದು ಮಳೆಗಾಲಕ್ಕೆ ಶಟರ್ ಬಿಲ್ಲಿನ ಹಾಗೆ ಬಗ್ಗುತ್ತದೆ.

ಹಳೇ ಕಲ್ಲಿನ ಖಾನೆಗಳಲ್ಲಿ ಒಂದೂ ಮೂಲೆಮಟ್ಟಕ್ಕೆ ಇರುವುದಿಲ್ಲ. ಮೇಲೆ ಹತ್ತೊಂಬತ್ತು ಇಂಚು ಇದ್ದರೆ ಕೆಳಗೆ ಹತ್ತೊಂಬತ್ತೂವರೆ. ಪ್ರತಿ ಖಾನೆಗೂ ಮೂರು ಕಡೆ ಅಳತೆ ತೆಗೆದು, ಒಂದೊಂದು ಶಟರನ್ನೂ ಬೇರೆಬೇರೆಯಾಗಿ ಕತ್ತರಿಸಿದೆವು. ಗೋಡೆಯಲ್ಲಿ ಹಳೇ ಟೈಲ್ಸ್ ಮೇಲೆಯೇ ಅಡ್ಹೆಸಿವ್‌ನಲ್ಲಿ ಹೊಸದು ಕೂರಿಸಿದೆವು. ಇಬ್ಬರು ಕಾರ್ಪೆಂಟರ್‌ಗಳಿಗೆ ಆರು ದಿನ, ಮಜೂರಿಯೇ 13,200. ಎಲ್ಲ ಸೇರಿ 58,000 ಚಿಲ್ಲರೆಗೆ ನಿಂತಿತು. ಕೆಲಸ ಚೆನ್ನಾಗಿ ಬಂದಿತ್ತು, ಆ ಮಾತನ್ನು ಈಗಲೂ ಹೇಳುತ್ತೇನೆ.

ತಪ್ಪಾಗಿದ್ದು ಸಿಲಿಂಡರ್ ವಿಷಯದಲ್ಲಿ.

ಮೊದಲು ಅದು ಸ್ಟೌ ಕೆಳಗಿನ ತೆರೆದ ಖಾನೆಯಲ್ಲಿ ನಿಂತಿರುತ್ತಿತ್ತು. ನಮ್ಮ ಆಫೀಸಿನವರು ಕಂಪ್ಯೂಟರಿನಲ್ಲಿ ಬರೆಯುವ ತ್ರೀಡಿ ಚಿತ್ರದಲ್ಲಿ ಸಿಲಿಂಡರ್ ಅನ್ನುವ ವಸ್ತುವೇ ಇರುವುದಿಲ್ಲ. ಸ್ಟೌ ಕೆಳಗೆ ಮೂರು ಡ್ರಾಯರ್ ಬರೆದು ಕಳಿಸಿದ್ದರು. ಹಾಗಾಗಿ ನಾನೇ ಸಿಲಿಂಡರನ್ನು ಪಕ್ಕದ ಮೂಲೆ ಖಾನೆಗೆ ತಳ್ಳಿಸಿದೆ. ಕಲ್ಲಿನ ಪಾರ್ಟಿಷನ್‌ನಲ್ಲಿ ತೂತು ಕೊರೆಸಿ ಪೈಪ್ ಎಳೆಸಿದೆ. ಪೈಪ್ ಬಿಗಿಯಾಯಿತು. "ಸರ್, ಸ್ವಲ್ಪ ಎಳೀತಿದೆ" ಅಂದ ಕಾರ್ಪೆಂಟರ್. ಮುಟ್ಟಿ ನೋಡಿ, "ಕೂತಿದೆ ಬಿಡು" ಅಂದೆ. ಗಾಳಿ ಆಡಲಿ ಅಂತ ಶಟರ್ ಮೇಲ್ಭಾಗದಲ್ಲಿ ಜಾಲಿ ಹಾಕಿಸಿದೆ, ನೋಡಲು ಅಲ್ಲಿ ಲಕ್ಷಣವಾಗಿತ್ತು. ಜಿರಳೆ ಬಾರದಿರಲಿ ಅಂತ ಕೆಳಗೆ ನೆಲಕ್ಕೆ ತಾಗುವ ಹಾಗೆ ಸ್ಕರ್ಟಿಂಗ್ ಪಟ್ಟಿ ಹೊಡೆಸಿ, ಸಂದು ಮುಚ್ಚಲು ಸಿಲಿಕಾನ್ ಎಳೆಸಿದೆ. ಎಲ್ಲವನ್ನೂ ಶ್ರದ್ಧೆಯಿಂದಲೇ ಮಾಡಿದೆ.

ಶುಕ್ರವಾರ ಸಂಜೆಯೊಳಗೆ ಹ್ಯಾಂಡೋವರ್ ಫೋಟೋ ಗ್ರೂಪಿಗೆ ಬೀಳಲೇಬೇಕು ಅಂತ ಆಫೀಸಿನಿಂದ ನಾಲ್ಕು ಸಲ ಫೋನ್. ಚೆಕ್‌ಲಿಸ್ಟ್‌ನಲ್ಲಿ 22 ಐಟಂ. ಹಿಂಜ್ ಅಲೈನ್‌ಮೆಂಟ್, ಹ್ಯಾಂಡಲ್, ಲ್ಯಾಮಿನೇಟ್ ಸ್ಕ್ರ್ಯಾಚ್, ಸಿಲಿಕಾನ್ ಫಿನಿಶ್. ಎಲ್ಲಕ್ಕೂ ಟಿಕ್ ಹಾಕಿದೆ. ಗ್ಯಾಸ್ ಬಗ್ಗೆ ಒಂದು ಸಾಲೂ ಇರಲಿಲ್ಲ. ಹೊರಡುವಾಗ ಅಮ್ಮನಿಗೆ, "ವಾಸನೆ ಜಾಸ್ತಿ ಅನ್ನಿಸಿದರೆ ಎಕ್ಸಾಸ್ಟ್ ಹಾಕ್ಕೊಳ್ಳಿ" ಅಂತ ಹೇಳಿ ಬಂದೆ.

ಶನಿವಾರ ಬೆಳಿಗ್ಗೆ ನನ್ನ ಉತ್ತರ ಕೇಳಿ ಅವರು ಸುಮ್ಮನಾಗಲಿಲ್ಲ. "ನಲವತ್ತು ವರ್ಷದಿಂದ ಅಡುಗೆ ಮಾಡ್ತಿದೀನಪ್ಪಾ. ಗಮ್ ವಾಸನೆ ಯಾವುದು, ಗ್ಯಾಸ್ ವಾಸನೆ ಯಾವುದು ಅಂತ ನಂಗೆ ಗೊತ್ತಾಗಲ್ವಾ? ಹೋಗ್ಲಿ, ನೀನು ಹೇಳಿದ್ಯಲ್ಲ, ಎಕ್ಸಾಸ್ಟ್ ಹಾಕಿ ನೋಡ್ತೀನಿ ಇರು."

ಎದೆ ಧಸಕ್ಕೆಂದಿತು. "ಅಮ್ಮಾ ಬೇಡ! ಯಾವ ಸ್ವಿಚ್ಚೂ ಮುಟ್ಟಬೇಡಿ!" ಅಂತ ಕಿರುಚಿದೆ. ಪಕ್ಕದಲ್ಲಿ ಮಲಗಿದ್ದ ಮಗಳು ಎದ್ದು ಅತ್ತಳು.

ಫೋನ್ ಸಮೇತ ಹೊರಗೆ ಹೋಗಿ ಅಂದೆ. ಹೋದರು. ಲೈಟ್ ಹಾಕಿದ್ದೀರಾ ಅಂದೆ. ಬೆಳಕಾಗಿತ್ತು, ಹಾಕಿಲ್ಲ ಅಂದರು. ಆಮೇಲೆ ಫ್ರಿಜ್ ನೆನಪಾಯಿತು. ಆ ಮೂಲೆ ಖಾನೆಗೆ ಅಂಟಿಕೊಂಡ ಹಾಗೆ ನಾನೇ ಅದನ್ನು ನಿಲ್ಲಿಸಿದ್ದೆ. ಕಂಪ್ರೆಸರ್ ಯಾವ ಕ್ಷಣದಲ್ಲಾದರೂ ಶುರುವಾಗಿ ಕಿಡಿ ಹಾರಬಹುದು. ಒಳಗೆ ಹೋಗಿ ಪ್ಲಗ್ ಕೀಳುವುದೂ ಅಷ್ಟೇ ಅಪಾಯ. ಮೀಟರ್ ಬೋರ್ಡ್ ಹೊರಗೆ ವರಾಂಡದಲ್ಲಿತ್ತು, ಪುಣ್ಯ. ಅಲ್ಲಿಂದ ಮೇನ್ ಆಫ್ ಮಾಡಿಸಿದೆ.

ಇನ್ನು ರೆಗ್ಯುಲೇಟರ್. ಯಜಮಾನರು ತಾವೇ ಹೋಗ್ತೀನಿ ಅಂದರು. ಮೊದಲು ಹಿಂಬಾಗಿಲು, ಕಿಟಕಿ ತೆಗೆಯಿರಿ ಅಂದೆ. ಹಳೇ ಖಾನೆ ಆಗಿದ್ದರೆ ಬಗ್ಗಿ ಕೈಹಾಕಿ ನಾಬ್ ತಿರುಗಿಸಿದರೆ ಆಯಿತು. ಈಗ ಶಟರ್ ತೆಗೆದು, ಮಂಡಿಯೂರಿ, ಮೂಲೆಯ ಒಳಕ್ಕೆ ತೋಳು ತೂರಿಸಬೇಕು. ಅವರಿಗೆ ಮಂಡಿನೋವು. ಅಮ್ಮ ಹೊರಗೆ ಫೋನ್ ಹಿಡಿದು ನಿಂತಿದ್ದರು. "ಆಯ್ತಾ? ಆಯ್ತೇನ್ರೀ?" ಅಂತ ಕೂಗುವುದಷ್ಟೇ ನನಗೆ ಕೇಳುತ್ತಿತ್ತು. ಒಳಗಿಂದ ಉತ್ತರ ಇಲ್ಲ. ಎರಡು ನಿಮಿಷ ಇರಬಹುದು. ಆ ಎರಡು ನಿಮಿಷ ನಾನು ಶರ್ಟಿನ ಒಂದು ತೋಳು ಹಾಕಿಕೊಂಡು ಹಾಗೇ ನಿಂತಿದ್ದೆ. ಆಮೇಲೆ ದೂರದಿಂದ "ಆಯ್ತು" ಅಂತ ಕೇಳಿಸಿತು.

ತಕ್ಷಣ 1906ಕ್ಕೆ ಫೋನ್ ಮಾಡಿಸಿದೆ. ಗ್ಯಾಸ್ ಸೋರಿಕೆಗೆ ಇರುವ ನಂಬರ್ ಅದು, ಹಗಲೂ ರಾತ್ರಿಯೂ ಇರುತ್ತದೆ. ಮೈಸೂರಿನದೇ ವಿಜಯನಗರ ಬಡಾವಣೆಯಿಂದ ನಾನು ಇಪ್ಪತ್ತು ನಿಮಿಷಕ್ಕೆ ತಲುಪಿದೆ. ಇಬ್ಬರೂ ಕಾಂಪೌಂಡ್ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಗ್ಯಾಸ್ ಮೆಕ್ಯಾನಿಕ್ ಬಂದ. ಸೋಪಿನ ನೀರು ಹಚ್ಚಿ, ಒಂದು ಕ್ಷಣ ನಾಬ್ ತೆರೆದ. ರೆಗ್ಯುಲೇಟರ್ ಕಡೆಯ ಪೈಪಿನ ಬಾಯಲ್ಲಿ ಗುಳ್ಳೆ ಎದ್ದಿತು. ಬಿಗಿಯಾಗಿ ಎಳೆದಿದ್ದ ಪೈಪ್ ರಾತ್ರಿಯೆಲ್ಲ ಸ್ವಲ್ಪ ಸ್ವಲ್ಪವೇ ಜಾರಿತ್ತು. ಪೈಪಿನ ಮೇಲೆ ಅಚ್ಚಾಗಿದ್ದ ವರ್ಷ ತೋರಿಸಿದ. ಐದು ವರ್ಷ ದಾಟಿತ್ತು, ಅಂದರೆ ಬದಲಿಸುವ ಗಡುವು ಮುಗಿದಿತ್ತು. 58,000 ಖರ್ಚು ಮಾಡಿಸಿದವನು ನಾನು. ಇನ್ನೂರು ರೂಪಾಯಿ ಆಸುಪಾಸಿನ ಪೈಪನ್ನು ತಿರುಗಿಸಿಯೂ ನೋಡಿರಲಿಲ್ಲ.

ಅವನು ಶಟರ್ ಜಾಲಿ ಮೇಲೆ ಕೈಯಿಟ್ಟು ಕೇಳಿದ, "ಮೇಲೆ ಕಿಂಡಿ ಬಿಟ್ಟಿದೀರಲ್ಲ ಸರ್, ಈ ಗ್ಯಾಸ್ ಮೇಲೆ ಹೋಗುತ್ತಾ?"

ಹೋಗುವುದಿಲ್ಲ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ನೀರಿನ ಹಾಗೆ ಕೆಳಗೆ ಇಳಿದು ನೆಲದಲ್ಲಿ ಹರಡುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಅದಕ್ಕೆ ತನ್ನದೇ ವಾಸನೆ ಅನ್ನುವುದು ಇಲ್ಲವೇ ಇಲ್ಲ ಎನ್ನಬೇಕು. ಸೋರಿದರೆ ಗೊತ್ತಾಗಲಿ ಅಂತಲೇ ಮರ್ಕ್ಯಾಪ್ಟನ್ ಅನ್ನುವ ಘಾಟು ವಾಸನೆಯ ರಾಸಾಯನಿಕ ಬೆರೆಸುತ್ತಾರೆ. ಆ ವಾಸನೆ ಅಮ್ಮನನ್ನು ಎಚ್ಚರಿಸಿತ್ತು. ಅದನ್ನೇ ನಾನು ಗಮ್ ಅಂದಿದ್ದೆ. ಕೆಳಗೆ ಸಿಲಿಕಾನ್ ಎಳೆದು, ಗ್ಯಾಸ್ ತುಂಬಿಕೊಳ್ಳಲು ಒಳ್ಳೆ ಡಬ್ಬಿ ಮಾಡಿಟ್ಟಿದ್ದೆ.

ಅವತ್ತೇ ಸ್ಕರ್ಟಿಂಗ್ ಕಿತ್ತೆವು. ಡ್ರಾಯರ್ ತೆಗೆದು ಸಿಲಿಂಡರನ್ನು ಹಳೇ ಜಾಗಕ್ಕೆ ತಂದೆವು. ಏಜೆನ್ಸಿಯಿಂದ ಹೊಸ ಪೈಪ್ ಹಾಕಿಸಿದೆವು. ಫ್ರಿಜ್ ಎದುರು ಗೋಡೆಗೆ ಹೋಯಿತು. ಖರ್ಚು ನಾನೇ ಕೊಟ್ಟೆ.

ಆಫೀಸಿನಲ್ಲಿ ಚೆಕ್‌ಲಿಸ್ಟಿಗೆ ಗ್ಯಾಸ್ ಸೇರಿಸಿ ಅಂದೆ. "ಅದು ನಮ್ಮ ಸ್ಕೋಪ್ ಅಲ್ಲ, ಏಜೆನ್ಸಿಯವರದು" ಅಂದರು. ಸಿಲಿಂಡರ್ ಜರುಗಿಸಿದವರು ನಾವು, ತೂತು ಕೊರೆದವರು ನಾವು, ಸ್ಕೋಪ್ ಮಾತ್ರ ಬೇರೆಯವರದು ಹೇಗಾಗುತ್ತದೆ? ಅದು ಇವತ್ತಿಗೂ ಸೇರಿಲ್ಲ. ನನ್ನ ಡೈರಿಯಲ್ಲಿ ಕೈಯಲ್ಲಿ ಬರೆದುಕೊಂಡಿದ್ದೇನೆ: ಪೈಪಿನ ವರ್ಷ, ಪೈಪ್ ಸಡಿಲ ಇದೆಯಾ, ಸೋಪಿನ ನೀರು, ನೆಲಮಟ್ಟದ ಜಾಲಿ, ರೆಗ್ಯುಲೇಟರ್‌ಗೆ ಮನೆಯ ಹಿರಿಯರ ಕೈ ಎಟುಕುತ್ತದಾ. ಇಷ್ಟು ನೋಡದೆ ಸೈಟ್ ಬಿಡುವುದಿಲ್ಲ, ಗ್ರೂಪಿನಲ್ಲಿ ಯಾರು ಎಷ್ಟು ಮೆಸೇಜ್ ಹಾಕಿದರೂ ಸರಿ.

ಆ ಅಮ್ಮ ಸಿಲಿಂಡರ್ ಖಾನೆಗೆ ಮತ್ತೆ ಶಟರ್ ಹಾಕಿಸಲಿಲ್ಲ. ಜಾಲಿ ಶಟರ್ ಮಾಡಿಕೊಡ್ತೀನಿ ಅಂದೆ. "ಕಣ್ಣಿಗೆ ಕಾಣ್ತಿರಲಿ ಬಿಡಪ್ಪಾ" ಅಂದರು. ಹೊಸ ಗಿರಾಕಿಗಳಿಗೆ ತೋರಿಸುವ ಫೋಟೋಗಳಲ್ಲಿ ಆ ಅಡುಗೆಮನೆಯೂ ಇದೆ. ತಿಳಿಹಸಿರು ಶಟರ್‌ಗಳ ಸಾಲಿನ ನಡುವೆ ಒಂದು ಖಾನೆ ತೆರೆದಿದೆ, ಒಳಗೆ ಕೆಂಪು ಸಿಲಿಂಡರ್ ಕಾಣುತ್ತದೆ. "ಇಲ್ಲೊಂದು ಶಟರ್ ಬಾಕಿ ಇದೆ ಅಲ್ವಾ?" ಅಂತ ಯಾರಾದರೂ ಕೇಳುತ್ತಾರೆ. ಆಗ ಲ್ಯಾಮಿನೇಟ್ ಕ್ಯಾಟಲಾಗ್ ಪಕ್ಕಕ್ಕಿಟ್ಟು, ನಿಮ್ಮ ಸಿಲಿಂಡರ್ ಈಗ ಎಲ್ಲಿದೆ ಅಂತ ಕೇಳುತ್ತೇನೆ.