ಪಸತಕ ಕೊನೆಗೂ ಪುಸ್ತಕವಾಯಿತು: ವಾಚನಾಲಯದ ಡೇಟಾ ಕ್ಲೌಡ್ ಹತ್ತಿದ ಕತೆ

ಬಂತು ಮಾರಾಯ್ರೇ! ಒತ್ತಕ್ಷರ ಬಂತು, ಉಕಾರ ಬಂತು, ಕೊನೆಗೆ ಝ ಕೂಡ ಬಂತು. ನಮ್ಮೂರ ವಾಚನಾಲಯದ ಹಳೇ ಡೇಟಾಬೇಸ್ ಮೈಎಸ್‌ಕ್ಯುಎಲ್‌ನಲ್ಲಿದ್ದ ಪುಸ್ತಕಗಳ ಪಟ್ಟಿ ಈಗ ಮೈಕ್ರೋಸಾಫ್ಟ್ ಕ್ಲೌಡಿನ ಡೇಟಾಬೇಸ್ ಆದ ಅಝೂರ್ ಎಸ್‌ಕ್ಯುಎಲ್‌ನಲ್ಲಿ ಕನ್ನಡವಾಗಿಯೇ ಕಾಣುತ್ತಿದೆ.

ಹೋದ ಸಲ ಬರೆದಾಗ ಡೇಟಾ ಫ್ಯಾಕ್ಟರಿಗೆ (ಒಂದು ಡೇಟಾಬೇಸಿನಿಂದ ಇನ್ನೊಂದಕ್ಕೆ ಡೇಟಾ ಸಾಗಿಸುವ ಅಝೂರ್ ಸೇವೆ) ಬೇಕಾದ, ನಮ್ಮ ಕಂಪ್ಯೂಟರಿನಲ್ಲೇ ಓಡುವ ಸೆಲ್ಫ್ ಹೋಸ್ಟೆಡ್ ರನ್‌ಟೈಮ್ ನೋಂದಣಿ ಮುಗಿದಿತ್ತು. ಸಂಪರ್ಕ ಕೊಡುವ ಲಿಂಕ್ಡ್ ಸರ್ವಿಸ್, ಟೇಬಲ್ ತೋರಿಸುವ ಡೇಟಾಸೆಟ್, ಸಾಲುಗಳನ್ನು ನಕಲಿಸುವ ಕಾಪಿ ಆಕ್ಟಿವಿಟಿ ಇವೆಲ್ಲ ನಿಮಗೆ ಗೊತ್ತಿರುವ ಕೆಲಸವೇ, ಬಿಡಿ. ಒಂದು ಗೊಣಗಾಟ ಮಾತ್ರ ಇಲ್ಲೇ ಮುಗಿಸುತ್ತೇನೆ. ರನ್‌ಟೈಮ್ ಓಡುವ ಕಂಪ್ಯೂಟರಿಗೆ ಕನಿಷ್ಠ 4 ಕೋರ್, 8 ಜಿಬಿ ರ್‍ಯಾಮ್ ಇರಲಿ ಅಂತ ಶಿಫಾರಸು ಇದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ "8 ಜಿಬಿ ಸಾರ್, ಗ್ಯಾರಂಟಿ" ಅಂತ ಕೊಟ್ಟ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ತಂದು ಆನ್ ಮಾಡಿದರೆ ಇರುವುದು 4. ಫೋನ್ ಮಾಡಿ ಕೇಳಿದೆ. "ಇನ್ನೊಂದು ಸ್ಲಾಟ್ ಖಾಲಿ ಇದೆಯಲ್ಲ ಸಾರ್, ಅದನ್ನೂ ಸೇರಿಸಿ ಹೇಳಿದ್ದು" ಅಂದ. ಖಾಲಿ ಸ್ಲಾಟನ್ನೂ ಮೆಮೊರಿ ಅಂತ ಲೆಕ್ಕ ಹಿಡಿಯುವವನ ಹತ್ತಿರ ಏನು ವಾದ ಮಾಡುವುದು? ಬೇರೆ ಕಡೆಯಿಂದ ಇನ್ನೊಂದು ಕಡ್ಡಿ ತರಿಸಿ ಹಾಕಿದೆ. ಸ್ಲೀಪ್ ಮೋಡ್ ಆಫ್ ಮಾಡಲು ಮರೆಯಬೇಡಿ. ಪಿಸಿ ನಿದ್ದೆ ಹೋದರೆ ರನ್‌ಟೈಮ್ ಆಫ್‌ಲೈನ್.

ಈಗ ಅಸಲಿ ತಲೆನೋವು.

ಮೊದಲ ಸಲ ಈ ಸಾಗಣೆಯ ಪೈಪ್‌ಲೈನ್ ಓಡಿಸಿದಾಗ ಎಲ್ಲಾ ಹಸಿರು. ಓದಿದ ಸಾಲು, ಬರೆದ ಸಾಲು ತಾಳೆಯಾಗಿದೆ. ಬಿಟ್ಟುಹೋದ ಸಾಲು ಸೊನ್ನೆ. ಟೇಬಲ್ ತೆರೆದು ನೋಡಿದರೆ ತಲೆ ಮೇಲೆ ಗೀಟು ಹೊತ್ತ ಇಂಗ್ಲಿಷ್ ಎ, ಅದರ ಪಕ್ಕ ಮೇಲಕ್ಕೆ ಏರಿ ಕೂತ ಪುಟ್ಟ 2, ಆಮೇಲೆ ಏನೋ ಒಂದು ಚಿಹ್ನೆ. ಮತ್ತೆ ಅದೇ ಎ, ಈ ಸಲ ಪುಟ್ಟ 3, ಇನ್ನೊಂದು ಚಿಹ್ನೆ. ಉದ್ದಕ್ಕೂ ಇದೇ. ಕಾಪಿ ಆಕ್ಟಿವಿಟಿ ಸಾಲು ಎಣಿಸುತ್ತದೆ. ಆ ಸಾಲಿನಲ್ಲಿ ಏನು ಬರೆದಿದೆ ಅನ್ನುವುದು ಅದಕ್ಕೆ ಬೇಕಿಲ್ಲ.

ಈ ಗೀಟು ಹೊತ್ತ ಎ ಎಲ್ಲಿಂದ ಬಂತು ಅಂತ ನಿಮ್ಮಲ್ಲಿ ಹಲವರು ಊಹಿಸಿರುತ್ತೀರಿ. ಯುಟಿಎಫ್-8 ಅಂದರೆ ಎಲ್ಲ ಭಾಷೆಗಳ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಪದ್ಧತಿ. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತ ಚಿಹ್ನೆಗೂ ಮೂರು ಬೈಟ್. ಹೆಕ್ಸ್ (ಹದಿನಾರರ ಎಣಿಕೆ) ರೂಪದಲ್ಲಿ ಬರೆದರೆ ಮೊದಲನೆಯದು ಯಾವಾಗಲೂ ಇ0 (E0). ಎರಡನೆಯದು ಬಿ2 ಇಲ್ಲವೇ ಬಿ3. ಇಂಗ್ಲಿಷ್ ಮತ್ತಿತರ ಯುರೋಪಿನ ಭಾಷೆಗಳ ಲ್ಯಾಟಿನ್ ಪಟ್ಟಿಯಲ್ಲಿ ಇ0 ಅಂದರೆ ಆ ಎ, ಬಿ2 ಅಂದರೆ ಪುಟ್ಟ 2, ಬಿ3 ಅಂದರೆ ಪುಟ್ಟ 3. ಅಂದರೆ ಯಾರೋ ಕನ್ನಡದ ಬೈಟುಗಳನ್ನು ಲ್ಯಾಟಿನ್ ಅಂತ ಓದಿದ್ದಾರೆ.

ಆ ಯಾರೋ ಮೈಎಸ್‌ಕ್ಯುಎಲ್. 2018ರಲ್ಲಿ 8.0 ಆವೃತ್ತಿ ಬರುವ ತನಕ ಅದರ ಡೀಫಾಲ್ಟ್ ಲ್ಯಾಟಿನ್1, ಅದರ ಜತೆಗೆ ಸ್ವೀಡಿಶ್ ಅಕ್ಷರಕ್ರಮ. ಕಂಪನಿ ಹುಟ್ಟಿದ್ದು ಸ್ವೀಡನ್ನಿನಲ್ಲಿ, ಹಾಗಾಗಿ. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿಯಾದ ಯೂನಿಕೋಡ್ ಇದೆಯಲ್ಲ, 1991ರ ಮೊದಲ ಯೂನಿಕೋಡ್‌ನಲ್ಲೇ ಕನ್ನಡ ಇತ್ತು. ಆದರೂ ನಮ್ಮ ವಾಚನಾಲಯದ ಪುಸ್ತಕಗಳು ಇಷ್ಟು ವರ್ಷ ಸ್ವೀಡನ್ನಿನವರ ಕ್ರಮದಲ್ಲಿ ಜೋಡಣೆಯಾಗಿದ್ದವು. ಇಲ್ಲಿರುವುದು 5.5 ಆವೃತ್ತಿ. ಅದರ ಮುಂದೆ ಪುಸ್ತಕ ಸೇರಿಸಲು ಬ್ರೌಸರಿನಲ್ಲಿ ತೆರೆಯುವ ಒಂದು ಪಿಎಚ್‌ಪಿ ಪುಟ. ಆ ಪುಟ ಕನ್ನಡದ ಬೈಟ್ ಕೊಡುತ್ತದೆ, ಡೇಟಾಬೇಸ್ ಅದನ್ನು ಲ್ಯಾಟಿನ್ ಅಂದುಕೊಂಡು ಇಟ್ಟುಕೊಳ್ಳುತ್ತದೆ, ಕೇಳಿದಾಗ ಅವೇ ಬೈಟುಗಳನ್ನು ವಾಪಸ್ ಕೊಡುತ್ತದೆ. ಬ್ರೌಸರ್ ಕನ್ನಡ ತೋರಿಸುತ್ತದೆ. ಹೋಗುವಾಗ ಹೇಳಿದ ಸುಳ್ಳನ್ನೇ ಬರುವಾಗಲೂ ಹೇಳಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಡೇಟಾ ಫ್ಯಾಕ್ಟರಿ ಬಂದು "ನನಗೆ ಯುಟಿಎಫ್-8ರಲ್ಲಿ ಕೊಡಪ್ಪಾ" ಅಂತ ಪ್ರಾಮಾಣಿಕವಾಗಿ ಕೇಳಿತು. ಡೇಟಾಬೇಸ್ ಅಷ್ಟೇ ಪ್ರಾಮಾಣಿಕವಾಗಿ ಆ ಎ, ಆ ಪುಟ್ಟ 2 ಎಲ್ಲವನ್ನೂ ಒಂದೊಂದಾಗಿ ಯುಟಿಎಫ್-8 ಮಾಡಿ ಕೊಟ್ಟಿತು.

ಮೂಲದಲ್ಲೇ ಕಾಲಮ್ಮನ್ನು ಬ್ಲಾಬ್ (ಬರೀ ಬೈಟುಗಳ ಕಾಲಮ್) ಮಾಡಿ, ಅಲ್ಲಿಂದ ಯುಟಿಎಫ್-8 ಮಾಡಿದರೆ ಮುಗೀತಲ್ಲ ಅಂತೀರಾ? ಹೌದು, ಶಾಸ್ತ್ರೋಕ್ತ ಪರಿಹಾರ ಅದೇ. ಆದರೆ ವಾಚನಾಲಯದ ಮೇಡಂ ಈಗಲೂ ದಿನಾ ಸಂಜೆ ಆ ಹಳೇ ಪುಟದಲ್ಲೇ ಹೊಸ ಪುಸ್ತಕ ಸೇರಿಸುತ್ತಾರೆ. ಕಾಲಮ್ ಬದಲಾಯಿಸಿದ ಕೂಡಲೇ ಆ ಪುಟ ಕೆಡುತ್ತದೆ. ಅದನ್ನು ಬರೆದ ಹುಡುಗ ಈಗ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಹಾಗಾಗಿ ನನಗೆ ಓದುವ ಅನುಮತಿ ಮಾತ್ರ ಸಾಕು ಅಂತ ಮೊದಲೇ ತೀರ್ಮಾನವಾಗಿತ್ತು. ಡಂಪ್ (ಇಡೀ ಡೇಟಾಬೇಸಿನ ಪ್ರತಿ) ತೆಗೆದು ತಿದ್ದಿ ಹಾಕುವುದೂ ಒಂದು ಸಲಕ್ಕೆ ಸರಿ. ಇದು ಪ್ರತಿ ರಾತ್ರಿ ಓಡಬೇಕು.

ಇಂಥ ಕಾಯಿಲೆಗೆ ಎಲ್ಲರೂ ಬರೆದುಕೊಡುವ ಔಷಧಿ ಪೈಥಾನ್ ಪ್ರೋಗ್ರಾಮಿನ ಒಂದು ಸಾಲು. ಕೆಟ್ಟ ಪಠ್ಯವನ್ನು ವಿಂಡೋಸಿನ ಲ್ಯಾಟಿನ್ ಪಟ್ಟಿಯಾದ ವಿಂಡೋಸ್-1252ಕ್ಕೆ ಎನ್‌ಕೋಡ್ ಮಾಡಿ, ಬಂದ ಬೈಟುಗಳನ್ನು ಯುಟಿಎಫ್-8 ಅಂತ ಡಿಕೋಡ್ ಮಾಡುವುದು. ಕಟ್ಟುನಿಟ್ಟಾಗಿ ಓಡಿಸಿದರೆ ಎರರ್. ಎರಡೂ ಕಡೆ ‘ಇಗ್ನೋರ್’ (ಆಗದ್ದನ್ನು ಬಿಟ್ಟುಬಿಡು) ಹಾಕಿದರೆ ಓಡುತ್ತದೆ. ನಾಟಕ ಸರಿಯಾಗಿ ಬಂತು. ಕಾದಂಬರಿ ಬಂತು, ಕವಿತೆ ಬಂತು. ಆಹಾ ಅಂದುಕೊಳ್ಳುವಷ್ಟರಲ್ಲಿ ಮುಂದಿನ ಪುಟ. ಪುಸ್ತಕ ಹೋಗಿ ‘ಪಸತಕ’. ಹಾಸ್ಯ ಹೋಗಿ ‘ಹಾಸಯ’. ಕನ್ನಡ ‘ಕನನಡ’, ಪ್ರವಾಸ ‘ಪರವಾಸ’. ಐತಿಹಾಸಿಕದ ತಲೆಯೇ ಹಾರಿ ‘ತಿಹಾಸಿಕ’. ಮೇಡಂ ನನ್ನ ಸ್ಕ್ರೀನ್ ನೋಡಿ, "ಏನ್ರೀ ಇದು, ಒಂದನೇ ಕ್ಲಾಸಿನ ಮಗು ಬರೆದ ಹಾಗಿದೆ. ಒತ್ತು ಕೊಡೋದೇ ಗೊತ್ತಿಲ್ಲ" ಅಂದರು.

ಗಂಟು ಬಿಚ್ಚಿದ್ದು ಅಲ್ಲೇ. ಕೆಟ್ಟ ಪದಗಳನ್ನೆಲ್ಲ ಸಾಲಾಗಿ ಇಟ್ಟು ಹೆಕ್ಸ್ ತೆಗೆದೆ. ಒತ್ತಕ್ಷರ ಕೂಡಿಸುವ ಹಲಂತದ ಚಿಹ್ನೆ ಇ0 ಬಿ3 8ಡಿ. ಉಕಾರದ ಕೊಂಬು ಇ0 ಬಿ3 81. ಏ ಅಂದರೆ ಇ0 ಬಿ2 8ಎಫ್. ಐ ಅಂದರೆ ಇ0 ಬಿ2 90. ಝ ಅಂದರೆ ಇ0 ಬಿ2 9ಡಿ. ಮೂರನೇ ಬೈಟ್ ಮಾತ್ರ ನೋಡಿ: 81, 8ಡಿ, 8ಎಫ್, 90, 9ಡಿ. ವಿಂಡೋಸ್-1252ರಲ್ಲಿ ಯಾವ ಅಕ್ಷರಕ್ಕೂ ಕೊಡದೆ ಖಾಲಿ ಬಿಟ್ಟಿರುವ ಜಾಗ ಒಟ್ಟು ಐದು. ಆ ಐದೂ ಇವೇ!

ಒಂದು ಕ್ಷಣ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಝ ಹೋದರೆ ಹೋಗಲಿ, ಅದನ್ನು ಬಳಸುವುದೇ ಅಪರೂಪ. (ಅಝೂರ್ ಅಂತ ಬರೆಯಲು ಬೇಕಾದ ಅಕ್ಷರವೇ ಅಝೂರಿಗೆ ಹೋಗುವ ದಾರಿಯಲ್ಲಿ ಕಳೆದುಹೋಗುತ್ತಿತ್ತು ಅನ್ನುವುದು ಬೇರೆ ಮಾತು.) ಆದರೆ ಹಲಂತ ಮತ್ತು ಉಕಾರ? ಅವೆರಡನ್ನು ಬಿಟ್ಟು ಕನ್ನಡದಲ್ಲಿ ಒಂದು ಪುಟ ಬರೆದು ತೋರಿಸಿ ನೋಡೋಣ. ಇದು ಕನ್ನಡದ ಗೋಳು ಮಾತ್ರ ಅಂದುಕೊಳ್ಳಬೇಡಿ. ಯೂನಿಕೋಡ್ ನಮ್ಮ ಲಿಪಿಗಳನ್ನು ಭಾರತೀಯ ಲಿಪಿಗಳಿಗಾಗಿ ಮಾಡಿದ 1988ರ ಇಸ್ಕಿ ಪಟ್ಟಿಯ ಕ್ರಮದಲ್ಲೇ ಇಟ್ಟಿದೆ. ಹಾಗಾಗಿ ದೇವನಾಗರಿ, ತೆಲುಗು, ತಮಿಳು, ಮಲಯಾಳಂ ಎಲ್ಲದರ ಹಲಂತವೂ 8ಡಿಯಲ್ಲೇ ಕೊನೆಯಾಗುತ್ತದೆ. ‘ರ್‍ಯಾಂಕ್’ ಬರೆಯಲು ನಡುವೆ ಹಾಕುವ ಕಣ್ಣಿಗೆ ಕಾಣದ ಜೋಡಣೆ ಚಿಹ್ನೆಯ ಕೊನೇ ಬೈಟ್ ಕೂಡ 8ಡಿ!

ಹಾಗಾದರೆ ಪೈಥಾನಿನ ಲ್ಯಾಟಿನ್-1 ಬಳಸಿದರೆ? ಅದು ಇನ್ನೂ ಚೆಂದ. ಅದರಲ್ಲಿ ಐದೂ ಜಾಗ ಭರ್ತಿ ಇವೆ, ಆದರೆ ವಿಂಡೋಸ್ ಸೇರಿಸಿಕೊಂಡ ಯೂರೋ, ಬುಲೆಟ್ ಇತ್ಯಾದಿ ಚಿಹ್ನೆಗಳು ಇಲ್ಲ. ಕ ಅಕ್ಷರದ ಮೂರನೇ ಬೈಟ್ 95, ಅಂದರೆ ಆ ಬುಲೆಟ್. ಕನ್ನಡ ಅನ್ನುವ ಪದದ ಮೊದಲ ಅಕ್ಷರದಲ್ಲೇ ಮುಗ್ಗರಿಸುತ್ತದೆ. ಮೈಎಸ್‌ಕ್ಯುಎಲ್ ಲ್ಯಾಟಿನ್1 ಅಂತ ಕರೆಯುವುದು ಈ ಎರಡರಲ್ಲಿ ಯಾವುದೂ ಆಗದ ಮೂರನೇ ಸರಕು. ಅದು ವಿಂಡೋಸ್-1252, ಜತೆಗೆ ಆ ಐದು ಖಾಲಿ ಜಾಗಗಳಿಗೂ ಕಂಟ್ರೋಲ್ ಅಕ್ಷರಗಳನ್ನು ತುಂಬಿಸಿದ್ದು. ಹೊರಗೆ ಯಾವ ಕನ್ವರ್ಟರ್ ತಂದರೂ ಇದಕ್ಕೆ ಪೂರ್ತಿ ಹೊಂದುವುದು ಕಷ್ಟ.

ಕೈಯಲ್ಲೇ ಐದು ಸಾಲಿನ ನಕ್ಷೆ ಬರೆದು ಸರಿ ಮಾಡಬಹುದು, ನಿಜ. ಆದರೆ ನಡುವೆ ಎಲ್ಲಾದರೂ ಟ್ರಿಮ್ (ತುದಿಯ ಸ್ಪೇಸ್ ಕತ್ತರಿಸುವುದು) ಇದ್ದರೆ ಕತೆ ಮುಗೀತು. ಠ ಅಕ್ಷರದ ಮೂರನೇ ಬೈಟ್ ಎ0. ಲ್ಯಾಟಿನ್‌ನಲ್ಲಿ ಅದು ಮುರಿಯದ ಸ್ಪೇಸ್. ಪೈಥಾನಿನ ಸ್ಟ್ರಿಪ್ ಅದನ್ನೂ ಸ್ಪೇಸ್ ಅಂತಲೇ ಕತ್ತರಿಸುತ್ತದೆ. ‘ಪಾಠ’, ‘ಮಠ’ ಅಂತ ಕೊನೆಯಾಗುವ ಹೆಸರುಗಳಿಗೆಲ್ಲ ಬಾಲ ಇಲ್ಲ. ಭ ಅಕ್ಷರದ್ದು ಎಡಿ, ಅದು ಕಣ್ಣಿಗೆ ಬೀಳದ ಹೈಫನ್.

ಕೊನೆಗೆ ಹೊಳೆದದ್ದು ಸರಳ. ಗಂಟು ಹಾಕಿದವನ ಕೈಯಲ್ಲೇ ಬಿಚ್ಚಿಸಬೇಕು. ಕಾಪಿ ಆಕ್ಟಿವಿಟಿಯ ಸೋರ್ಸ್‌ನಲ್ಲಿ ‘ಟೇಬಲ್’ ಬಿಟ್ಟು ‘ಕ್ವೆರಿ’ (ಡೇಟಾಬೇಸಿಗೆ ನಾವೇ ಬರೆಯುವ ಪ್ರಶ್ನೆ) ಆರಿಸಿದೆ. ಪ್ರತಿ ಕನ್ನಡ ಕಾಲಮ್ಮಿಗೂ ಒಳಗಡೆ ಕಾಸ್ಟ್ ಆ್ಯಸ್ ಬೈನರಿ, ಅದರ ಹೊರಗಡೆ ಕನ್ವರ್ಟ್ ಯೂಸಿಂಗ್ ಯುಟಿಎಫ್8ಎಂಬಿ4 (ಈ ಡೇಟಾಬೇಸಿನಲ್ಲಿ ಪೂರ್ಣ ಯುಟಿಎಫ್-8ಕ್ಕೆ ಇರುವ ಹೆಸರು). ಬೈನರಿ ಮಾಡಿದಾಗ ಡೇಟಾಬೇಸ್ ತನ್ನ ಲ್ಯಾಟಿನ್ ಭ್ರಮೆ ಬಿಟ್ಟು ಬರೀ ಬೈಟ್ ನೋಡುತ್ತದೆ. ಹೊರಗಿನ ಕನ್ವರ್ಟ್ ಅವೇ ಬೈಟುಗಳಿಗೆ ಯುಟಿಎಫ್-8 ಅಂತ ಹೊಸ ಚೀಟಿ ಅಂಟಿಸುತ್ತದೆ. ಒಂದು ಬೈಟೂ ಬದಲಾಗುವುದಿಲ್ಲ. ಮೂಲ ಟೇಬಲ್ ಹಾಗೇ ಇರುತ್ತದೆ, ಮೇಡಂ ಪುಟವೂ ಕೆಡುವುದಿಲ್ಲ. ಪ್ರಿವ್ಯೂ ಒತ್ತಿದೆ. ಪುಸ್ತಕ! ಹಾಸ್ಯ! ಐತಿಹಾಸಿಕ!

ಅದೇ ಕ್ವೆರಿಯಲ್ಲಿ ಇನ್ನೊಂದು ಚಿಲ್ಲರೆ ಕೆಲಸ. ಖರೀದಿ ತಾರೀಖು ಗೊತ್ತಿಲ್ಲದ ಕಡೆ ಎಲ್ಲಾ ಸೊನ್ನೆ ತಾರೀಖು ಇತ್ತು. ಎಸ್‌ಕ್ಯುಎಲ್ ಸರ್ವರಿನ (ಅಝೂರ್ ಕಡೆ ಇರುವುದೂ ಅದೇ) ಡೇಟ್‌ಟೈಮ್ ಶುರುವಾಗುವುದೇ 1753ರಿಂದ. ನಲ್‌ಇಫ್ ಹಾಕಿ ಖಾಲಿ ಮಾಡಿದೆ. ಆ ಕಡೆಯ ಕಾಲಮ್ ಯೂನಿಕೋಡ್ ಪಠ್ಯ ಹಿಡಿಯುವ ಎನ್‌ವಾರ್‌ಚಾರ್ ಇರಬೇಕು ಅಂತ ನಿಮಗೆ ಹೇಳಬೇಕಿಲ್ಲ. ಬರೀ ವಾರ್‌ಚಾರ್, ಡೀಫಾಲ್ಟ್ ಕೊಲೇಶನ್ (ಅಕ್ಷರಕ್ರಮ) ಇದ್ದರೆ ಇಷ್ಟೆಲ್ಲ ಮಾಡಿಯೂ ಪ್ರಶ್ನಾರ್ಥಕ ಚಿಹ್ನೆಗಳ ಮಾಲೆ.

ಮಧ್ಯೆ ಒಂದು ಮಾತು. ಪಟ್ಟಿ ಸರಿಯಾಯಿತಲ್ಲ, ಇನ್ನು ಪುಸ್ತಕದ ಬೆನ್ನಿಗೆ ಅಂಟಿಸುವ ಲೇಬಲ್ ಮಾಡಬೇಕು ಅಂತ ಕೈ ತುರಿಸುತ್ತಿದೆ. 978-81 ಅಥವಾ 978-93 ಅಂತ ಶುರುವಾಗುವ ಐಎಸ್‌ಬಿಎನ್ ಇದ್ದರೆ ಸ್ಕ್ಯಾನ್ ಮಾಡಿದರಾಯಿತು, ಆದರೆ ಹಳೇ ಕನ್ನಡ ಪುಸ್ತಕಗಳಿಗೆ ಅದೆಲ್ಲಿ? ನಾವೇ ಸಂಖ್ಯೆ ಕೊಟ್ಟು ಬಾರ್‌ಕೋಡ್ ಹಾಕಬೇಕು, ಕೆಳಗೆ ಹೆಸರು ಕನ್ನಡದಲ್ಲೇ ಬರಬೇಕು. ಅಗ್ಗದ ಥರ್ಮಲ್ ಪ್ರಿಂಟರಿಗೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ. ಇಡೀ ಲೇಬಲ್ಲನ್ನು ಚಿತ್ರ ಮಾಡಿಯೇ ಕಳಿಸಬೇಕು. ಸ್ಯಾಂಪಲ್ ಅಂತ ತರಿಸಿದ ಲೇಬಲ್ ರೋಲಿನ ಅಂಟು ಎರಡೇ ದಿನಕ್ಕೆ ಎದ್ದು ಬಂತು. "ಮಳೆಗಾಲದಲ್ಲಿ ಹಾಗೇ ಸಾರ್" ಅಂತೆ. ಮಲೆನಾಡಿನಲ್ಲಿ ಕೂತು ಮಳೆಗಾಲ ಬಿಟ್ಟು ಲೇಬಲ್ ಅಂಟಿಸಬೇಕಂತೆ! ಇರಲಿ, ಅದು ಆಮೇಲೆ.

ಪ್ರಿವ್ಯೂ ನೋಡಿ ಕುಣಿದವನು ಪೂರ್ತಿ ಓಡಿಸಿದಾಗ ಕೆಲವು ಹೆಸರು ಖಾಲಿ ಬಂದವು. ನೋಡಿದರೆ ಎಲ್ಲಾ ಉದ್ದುದ್ದ ಹೆಸರಿನ ಪುಸ್ತಕಗಳು. ಹೆಸರಿನ ಕಾಲಮ್ ವಾರ್‌ಚಾರ್ 100. ಲ್ಯಾಟಿನ್‌ನಲ್ಲಿ ನೂರು ಅಕ್ಷರ ಅಂದರೆ ನೂರು ಬೈಟ್, ಅಷ್ಟೇ. ಕನ್ನಡಕ್ಕೆ ಮೂರರಂತೆ ಭಾಗಿಸಿದರೆ 33 ಸಂಕೇತ, ಉಳಿದದ್ದು ಒಂದು ಬೈಟ್. ಅಂದರೆ ಉದ್ದದ ಹೆಸರುಗಳು ಅಕ್ಷರದ ಮಧ್ಯದಲ್ಲೇ ತುಂಡಾಗಿವೆ. ಕೊನೆಯಲ್ಲಿ ಒಂದು ಒಂಟಿ ಇ0, ಇಲ್ಲವೇ ಇ0 ಜತೆಗೆ ಬಿ2 ಅಥವಾ ಬಿ3 ನೇತಾಡುತ್ತಿದೆ. ಅದು ಸರಿಯಾದ ಯುಟಿಎಫ್-8 ಅಲ್ಲದ ಕಾರಣ ಕನ್ವರ್ಟ್ ಕೈಚೆಲ್ಲಿತು. ಬೈಟುದ್ದ ಸರಿಯಾಗಿ 100 ಇರುವ ಸಾಲುಗಳನ್ನು ಮಾತ್ರ ಹಿಡಿದು, ಬಾಲ ನೋಡಿ ಒಂದೋ ಎರಡೋ ಬೈಟ್ ಕತ್ತರಿಸುವ ‘ಕೇಸ್’ ಶರತ್ತು ಹಾಕಿದೆ. ಈ ಶರತ್ತನ್ನು ಡೇಟಾ ಫ್ಯಾಕ್ಟರಿಯ ಎಕ್ಸ್‌ಪ್ರೆಶನ್ ಬಾಕ್ಸಿನಲ್ಲಿ ಬರೆಯುವಾಗ ಪ್ರತಿ ಒಂಟಿ ಉದ್ಧರಣ ಚಿಹ್ನೆಯನ್ನೂ ಎರಡೆರಡು ಸಲ ಹಾಕಬೇಕು. ಅಲ್ಲಿ ಉರಿದ ರಕ್ತದ ಲೆಕ್ಕ ಕೇಳಬೇಡಿ. ತುಂಡಾದ ಹೆಸರುಗಳ ಪೂರ್ತಿ ರೂಪ ಡೇಟಾಬೇಸಿನಲ್ಲಿ ಎಲ್ಲೂ ಇಲ್ಲ, ಇರುವುದು ಕಾಗದದ ರಿಜಿಸ್ಟರಿನಲ್ಲಿ. ಪಟ್ಟಿ ಮಾಡಿ ಮೇಡಂಗೆ ಕೊಟ್ಟಿದ್ದೇನೆ.

ಪ್ರತಿ ರಾತ್ರಿ ಹೊಸ ಸಾಲು ಮಾತ್ರ ತರುವ ವಾಟರ್‌ಮಾರ್ಕ್ ಕೆಲಸ ನಿಮಗೆ ಗೊತ್ತಿರುವ ರೀತಿಯಲ್ಲೇ ಮಾಡಿದ್ದು, ಅದರಲ್ಲಿ ವಿಶೇಷ ಇಲ್ಲ.

ಉಳಿದಿರುವುದು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಸಾಲುಗಳು. ಅವು ಯೂನಿಕೋಡ್ ಅಲ್ಲವೇ ಅಲ್ಲ, ಫಾಂಟ್ ಹಾಕಿದರೆ ಮಾತ್ರ ಕನ್ನಡದ ಹಾಗೆ ಕಾಣುವ ಲ್ಯಾಟಿನ್ ಅಕ್ಷರಗಳು. ಹಾಗಾಗಿ ಇವು ಮಾತ್ರ ಮೊದಲ ಸಲದ ಓಟದಲ್ಲಿ ಸರಿಯಾಗಿ ಬಂದಿದ್ದವು, ನೋಡಿ ತಮಾಷೆ! ಹೆಕ್ಸ್‌ನಲ್ಲಿ ಇ0ಬಿ2, ಇ0ಬಿ3 ಎರಡೂ ಇಲ್ಲದ ಕನ್ನಡ ಸಾಲು ಅಂದರೆ ನುಡಿ, ಅಂತ ಬೇರೆ ಮಾಡಿ ಇನ್ನೊಂದು ಟೇಬಲ್ಲಿಗೆ ಹಾಕುತ್ತಿದ್ದೇನೆ. ಪರಿವರ್ತನೆ ಮಾಡುವಾಗ ಅರ್ಕಾವತ್ತು ಕಾಡುತ್ತಿದೆ. ನುಡಿಯಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಎಷ್ಟು ಹಿಂದಕ್ಕೆ ಜರುಗಿಸಬೇಕು ಅನ್ನುವುದೇ ಗೊಂದಲ. ಸದ್ಯಕ್ಕೆ ‘ವರ್ಷ’ ಸರಿ ಬರುತ್ತಿದೆ. ‘ಆರ್ಥಿಕ’ ಇನ್ನೂ ಬರುತ್ತಿಲ್ಲ.