ಬೆಳಿಗ್ಗೆ ಹಸಿರಾಗುತ್ತಿದ್ದ ಬಿಲ್ಡ್

ನಮ್ಮ ಸಾಫ್ಟ್‌ವೇರ್ ತಂಡದಲ್ಲಿ ರಾತ್ರಿ ಎರಡು ಗಂಟೆಗೆ ಒಂದು ಬಿಲ್ಡ್ ತಾನಾಗಿ ಓಡುತ್ತದೆ. ಆ ದಿನ ಯಾರ್ಯಾರು ಏನೇನು ಕೋಡ್ ಸೇರಿಸಿದ್ದಾರೋ ಅದೆಲ್ಲವನ್ನೂ ಒಟ್ಟುಗೂಡಿಸಿ, ಎಲ್ಲ ಟೆಸ್ಟ್‌ಗಳನ್ನೂ ನಡೆಸಿ ಫಲಿತಾಂಶ ಕಳುಹಿಸುತ್ತದೆ. ಒಮ್ಮೆ ಕೆಲವು ವಾರಗಳ ಕಾಲ ಅದು ದಿನವೂ ಕೆಂಪಾಗಿಯೇ ಬರುತ್ತಿತ್ತು. ಸೋಲುತ್ತಿದ್ದುದು ಒಂದೇ ಟೆಸ್ಟ್: ಇಂದು ಮಾಡಿದ ರಸೀದಿಯ ಮೇಲೆ ಇಂದಿನ ತಾರೀಖು ಇದೆಯೇ ಎಂದು ನೋಡುವಂಥದ್ದು. ಬೆಳಿಗ್ಗೆ ಮೊದಲು ಬಂದವರು ಮತ್ತೆ ಓಡಿಸುವ ಗುಂಡಿ ಒತ್ತುತ್ತಿದ್ದರು. ಹತ್ತು ನಿಮಿಷದಲ್ಲಿ ಹಸಿರು. “ಆ ಟೆಸ್ಟ್ ಹಾಗೆಯೇ, ಒಮ್ಮೊಮ್ಮೆ ಸೋಲುತ್ತದೆ” ಎಂಬ ಮಾತು ಹೊಸದಾಗಿ ಸೇರಿದವರಿಗೂ ಬಾಯಿಪಾಠವಾಗಿತ್ತು. ನಾನೂ ಹಾಗೆ ಹೇಳಿದ್ದೇನೆ.

ಅದು ರಾತ್ರಿ ಮಾತ್ರ ಸೋಲುತ್ತಿತ್ತು, ಹಗಲಲ್ಲಿ ಎಂದೂ ಸೋಲುತ್ತಿರಲಿಲ್ಲ. ಇಷ್ಟನ್ನು ಗಮನಿಸಲು ನಮಗೆ ಗ್ರಾಹಕರೊಬ್ಬರ ದೂರು ಬೇಕಾಯಿತು. ಒಂದನೇ ತಾರೀಖಿನ ನಸುಕಿನಲ್ಲಿ ಅವರು ಕಟ್ಟಿದ ಹಣಕ್ಕೆ ಹಿಂದಿನ ತಿಂಗಳ ಕೊನೆಯ ದಿನದ ರಸೀದಿ ಹೋಗಿತ್ತು. ಲೆಕ್ಕ ತಾಳೆಯಾಗದೆ ಅವರು ಎರಡು ದಿನ ಒದ್ದಾಡಿದ್ದರು.

ಹಿಂದಿನ ಬಿಡುಗಡೆಯಲ್ಲಿ ಈ ದೋಷ ಇರಲಿಲ್ಲ. ಅಲ್ಲಿಂದ ಈಚೆಗೆ ಸುಮಾರು 600 ಕಮಿಟ್‌ಗಳಾಗಿದ್ದವು, ಅಂದರೆ ಕೋಡ್‌ನ ಬದಲಾವಣೆ ಅಷ್ಟು ಬಾರಿ ದಾಖಲಾಗಿತ್ತು. ಇಂಥ ಹೊತ್ತಿಗೆಂದೇ, ಕೋಡ್‌ನ ಇತಿಹಾಸ ಕಾಯ್ದಿಡುವ ಗಿಟ್‌ನಲ್ಲಿ ಬೈಸೆಕ್ಟ್ ಎಂಬ ಆಜ್ಞೆ ಇದೆ. ಸರಿಯಿದ್ದ ಒಂದು ಕಮಿಟ್ ಮತ್ತು ಕೆಟ್ಟ ಒಂದು ಕಮಿಟ್ ತೋರಿಸಿದರೆ ಅದು ನಟ್ಟನಡುವಿನದನ್ನು ತೆರೆದು ಕೊಡುತ್ತದೆ. ಇದು ಸರಿಯೋ ಕೆಟ್ಟದ್ದೋ ಎಂದು ತಿಳಿಸಿದೊಡನೆ ಅರ್ಧ ಇತಿಹಾಸ ಪಕ್ಕಕ್ಕೆ ಸರಿಯುತ್ತದೆ. 600 ಇದ್ದರೂ ಹತ್ತು ಸುತ್ತು ಸಾಕು. ಆ ಉತ್ತರ ಹೇಳುವ ಕೆಲಸವನ್ನು ಸ್ಕ್ರಿಪ್ಟ್ ಎಂಬ ಚಿಕ್ಕ ಪ್ರೋಗ್ರಾಂಗೇ ವಹಿಸಬಹುದು: ಅದು 0 ಕೊಟ್ಟು ಮುಗಿದರೆ ಸರಿ, 1 ಕೊಟ್ಟರೆ ಕೆಟ್ಟದ್ದು, 125 ಕೊಟ್ಟರೆ ಇದನ್ನು ಪರೀಕ್ಷಿಸಲಾಗದು, ಬಿಟ್ಟು ಮುಂದೆ ಹೋಗು ಎಂದರ್ಥ. ಬಿಲ್ಡ್ ಯಂತ್ರದಲ್ಲಿ ಗಡಿಯಾರವನ್ನು ರಾತ್ರಿ ಎರಡಕ್ಕೆ ನಿಲ್ಲಿಸಿ ಆ ಒಂದು ಟೆಸ್ಟನ್ನು ಓಡಿಸುವ ಸ್ಕ್ರಿಪ್ಟ್ ಬರೆದೆ. ಅರ್ಧ ಗಂಟೆಯಲ್ಲಿ ಬೈಸೆಕ್ಟ್ ಒಂದು ಕಮಿಟ್‌ನ ಮುಂದೆ ಬಂದು ನಿಂತಿತು.

ಅದು ನನ್ನದೇ. 43 ಕಡತಗಳು ಬದಲಾಗಿದ್ದವು. ಸಂದೇಶ: “ಸಣ್ಣಪುಟ್ಟ ಸುಧಾರಣೆಗಳು.”

600 ಕಮಿಟ್‌ಗಳನ್ನು ಜಾಲಾಡಲು ಅರ್ಧ ಗಂಟೆ ಹಿಡಿದರೆ, ಆ ಒಂದು ಕಮಿಟ್‌ನೊಳಗೆ ಹುಡುಕಲು ಇಡೀ ಮಧ್ಯಾಹ್ನ ಹಿಡಿಯಿತು. ಹೆಸರು ಬದಲಾವಣೆ, ಸಾಲುಗಳ ಜೋಡಣೆ, ಹಳೆಯ ಕೋಡ್‌ನ ಅಳಿಸುವಿಕೆ, ಇವುಗಳ ನಡುವೆ ಒಂದು ಸಾಲು: ಗ್ರಾಹಕರ ಸಮಯವಲಯದಿಂದ ತಾರೀಖು ಪಡೆಯುತ್ತಿದ್ದ ಕಡೆ ನಾನು ಸರ್ವರ್‌ನ ತಾರೀಖನ್ನೇ ತೆಗೆದುಕೊಂಡಿದ್ದೆ. ನಮ್ಮ ಸರ್ವರ್‌ಗಳೂ ಬಿಲ್ಡ್ ಯಂತ್ರವೂ ಯುಟಿಸಿ ಎಂಬ ಜಾಗತಿಕ ಮಾನಕ ಸಮಯದಲ್ಲಿ ಓಡುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಕೆಲವು ಗಂಟೆ ಮುಂದಿರುವುದರಿಂದ ನಮ್ಮ ರಾತ್ರಿ ಎರಡು ಗಂಟೆ ಅಲ್ಲಿಗೆ ಇನ್ನೂ ನಿನ್ನೆ. ನಮ್ಮ ಲ್ಯಾಪ್‌ಟಾಪ್‌ಗಳು ಸ್ಥಳೀಯ ಸಮಯದಲ್ಲಿರುವುದರಿಂದ ಅಲ್ಲಿ ಈ ಟೆಸ್ಟ್ ಎಂದೂ ಸೋಲುವಂತಿರಲಿಲ್ಲ. ಬಿಲ್ಡ್ ಯಂತ್ರ ಪ್ರತಿರಾತ್ರಿ ಸತ್ಯವನ್ನೇ ಹೇಳುತ್ತಿತ್ತು, ನಾವು ಪ್ರತಿ ಬೆಳಿಗ್ಗೆ ಅದರ ಬಾಯಿ ಮುಚ್ಚಿಸುತ್ತಿದ್ದೆವು.

ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ತೇಪೆ (ಕೋಡ್ ಬದಲಾವಣೆ) ಕಳುಹಿಸುವವರಿಗೆ ಒಂದು ನಿಯಮವಿದೆ: ಒಂದು ತೇಪೆಯಲ್ಲಿ ಒಂದೇ ತಾರ್ಕಿಕ ಬದಲಾವಣೆ ಇರಬೇಕು, ಪ್ರತಿ ಹಂತದಲ್ಲೂ ಕೋಡ್ ಬಿಲ್ಡ್ ಆಗಬೇಕು. ಮೊದಲು ಇದನ್ನು ಶಿಸ್ತಿನ ಹಟ ಎಂದುಕೊಂಡಿದ್ದೆ. ಆ ಮಧ್ಯಾಹ್ನದ ನಂತರ ನಾನೂ ಬದಲಾವಣೆಗಳನ್ನು ತುಂಡುತುಂಡಾಗಿ ಆರಿಸಿಯೇ ಕಮಿಟ್ ಮಾಡುತ್ತೇನೆ. ಹೆಸರು ಬದಲಾವಣೆ ಬೇರೆ, ವರ್ತನೆಯ ಬದಲಾವಣೆ ಬೇರೆ. ಬ್ರ್ಯಾಂಚ್‌ನ, ಅಂದರೆ ಬೇರೆಯಾಗಿ ನಡೆಸುವ ಕೆಲಸದ ಕವಲಿನ, ಎಲ್ಲ ಕಮಿಟ್‌ಗಳನ್ನೂ ಒಂದಾಗಿ ಅಮುಕಿ ಮುಖ್ಯ ಕೋಡ್‌ಗೆ ಮರ್ಜ್ ಮಾಡುವ ರೂಢಿಯನ್ನು ನಮ್ಮ ತಂಡ ಬಿಟ್ಟಿಲ್ಲ, ಅದರ ಬಗ್ಗೆ ನನ್ನ ತಕರಾರು ಇದ್ದೇ ಇದೆ. ಹಾಗಾಗಿ ಬ್ರ್ಯಾಂಚನ್ನೇ ಚಿಕ್ಕದಾಗಿಟ್ಟು ಎರಡು ದಿನದೊಳಗೆ ಮುಗಿಸುತ್ತೇನೆ.

ಮತ್ತೆ ಓಡಿಸುವ ಗುಂಡಿ ಈಗಲೂ ಇದೆ. ಅದನ್ನು ಒತ್ತುವವರು ಮೊದಲು ಟೆಸ್ಟ್‌ನ ಹೆಸರು ಮತ್ತು ಅದು ಸೋತ ಗಂಟೆಯನ್ನು ಒಂದು ಟಿಕೆಟ್‌ನಲ್ಲಿ (ದೋಷ ದಾಖಲಿಸುವ ಚೀಟಿಯಲ್ಲಿ) ಬರೆಯುತ್ತಾರೆ. ಈಚೆಗೆ ಹಾಗೆ ಬರೆದಿಟ್ಟ ಮೂರು ಟಿಕೆಟ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಮೂರೂ ಬಾರಿ ಒಂದೇ ಡೇಟಾಬೇಸಿಗೆ ಎರಡು ಟೆಸ್ಟ್‌ಗಳು ಏಕಕಾಲಕ್ಕೆ ಬರೆಯುತ್ತಿದ್ದುದು ಕಣ್ಣಿಗೆ ಬಿತ್ತು.